ಕ್ಲಾಸಿಗೆ ಹೊರಟಿದ್ದ ಹುಡುಗಿ

ಮೇ 4, 2025, ಭಾನುವಾರ
ಅಕ್ರಾನ್, ಒಹಾಯೊ

ಇಷ್ಟು ವರ್ಷ ಪಕ್ಕದಲ್ಲೇ ಇದ್ದರೂ ಕೆಂಟ್ ವಿಶ್ವವಿದ್ಯಾಲಯದ ಆ ಪಾರ್ಕಿಂಗ್ ಜಾಗಕ್ಕೆ ಹೋಗಿರಲಿಲ್ಲ. ಆಗಸ್ಟಿನಲ್ಲಿ ಚಿನ್ನು ಅಲ್ಲೇ ಸೇರುತ್ತಾನೆ, ಅದಕ್ಕೇ ಇವತ್ತು ಮೂವರೂ ಹೋದೆವು. 1970ರ ಮೇ 4ಕ್ಕೆ, ವಿಯೆಟ್ನಾಂ ಯುದ್ಧದ ವಿರುದ್ಧ ಪ್ರತಿಭಟನೆ ನಡೆದಾಗ, ನ್ಯಾಷನಲ್ ಗಾರ್ಡ್ (ರಾಜ್ಯದ ಮೀಸಲು ಸೇನೆ) ಸೈನಿಕರ ಗುಂಡಿಗೆ ಇಲ್ಲಿ ನಾಲ್ವರು ವಿದ್ಯಾರ್ಥಿಗಳು ಸತ್ತಿದ್ದರು. ಅವರು ಬಿದ್ದ ನಾಲ್ಕು ಜಾಗಗಳ ಸುತ್ತ ದೀಪದ ಕಂಬ ನೆಟ್ಟಿದ್ದಾರೆ, ಅಲ್ಲಿ ಕಾರು ನಿಲ್ಲಿಸುವಂತಿಲ್ಲ.

ಸಾಂಡ್ರಾ ಶೋಯರ್ ಬಿದ್ದ ಜಾಗದ ಹತ್ತಿರ ನಿಂತಿದ್ದಾಗ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸೊಬ್ಬರು ತಾವಾಗಿಯೇ ಮಾತಿಗೆ ಬಂದರು. 1970ರಲ್ಲಿ ಅವರು ಇದೇ ಊರಿನ ಹೈಸ್ಕೂಲಿನಲ್ಲಿದ್ದರಂತೆ, ಅಣ್ಣ ಈ ಕಾಲೇಜಿನಲ್ಲಿ. ಆ ರಾತ್ರಿ ಊಟಕ್ಕೆ ಕೂತಾಗ ಅವರಪ್ಪ, "ಇನ್ನೂ ನಾಲ್ಕು ಜನರಿಗೆ ಹೊಡೆಯಬೇಕಿತ್ತು" ಅಂದರಂತೆ. ಎದುರಿಗೇ ಕೂತ ಮಗನೂ ಅಲ್ಲೇ ಓದುವವನು! ಅಣ್ಣ ತಟ್ಟೆ ಬಿಟ್ಟು ಎದ್ದುಹೋದ, ಆಮೇಲೆ ಅಪ್ಪ ಮಗ ಸರಿಯಾಗಿ ಮಾತಾಡಲೇ ಇಲ್ಲ ಅಂದರು. "ಅಪ್ಪ ಕೆಟ್ಟವರಲ್ಲ" ಅಂತ ಎರಡೆರಡು ಸಲ ಹೇಳಿದರು. ನನಗೆ ಏನು ಹೇಳಬೇಕೋ ತೋಚಲಿಲ್ಲ, ಕೈ ಹಿಡಿದುಕೊಂಡೆ.

ಅವರಪ್ಪ ಒಬ್ಬರೇ ಅಲ್ಲ. ಆ ತಿಂಗಳು ಗ್ಯಾಲಪ್ ಸಂಸ್ಥೆ ಮಾಡಿದ ಜನಾಭಿಪ್ರಾಯ ಸಮೀಕ್ಷೆಯಲ್ಲಿ ನೂರಕ್ಕೆ 58 ಮಂದಿ ತಪ್ಪು ವಿದ್ಯಾರ್ಥಿಗಳದ್ದೇ ಅಂದಿದ್ದರು. ಸೈನಿಕರದ್ದು ಅಂದವರು ಬರೀ 11. ಏಪ್ರಿಲ್ 30ಕ್ಕೆ ಅಧ್ಯಕ್ಷ ನಿಕ್ಸನ್ ಟೀವಿಯಲ್ಲಿ ಬಂದು ವಿಯೆಟ್ನಾಂ ಪಕ್ಕದ ಕಾಂಬೋಡಿಯಾಕ್ಕೂ ಸೇನೆ ಕಳಿಸುತ್ತೇನೆ ಅಂದ ಮೇಲೆ ಹುಡುಗರು ಸಿಟ್ಟಾದರು, ಶನಿವಾರ ಯಾರೋ ಸೇನಾ ತರಬೇತಿ ಕಟ್ಟಡಕ್ಕೆ ಬೆಂಕಿ ಇಟ್ಟರು. ಕಲ್ಲು ತೂರಿದ್ದೂ ನಿಜ. ಆದರೆ ಸೋಮವಾರ ಮಧ್ಯಾಹ್ನ ನ್ಯಾಷನಲ್ ಗಾರ್ಡ್ ಸೈನಿಕರು ತಿರುಗಿ ನಿಂತು 13 ಸೆಕೆಂಡಿನಲ್ಲಿ 60ಕ್ಕೂ ಜಾಸ್ತಿ ಗುಂಡು ಹಾರಿಸಿದರಲ್ಲ, ಸಾಂಡ್ರಾ ಇದ್ದದ್ದು ಅವರಿಂದ ಸುಮಾರು 390 ಅಡಿ ದೂರದಲ್ಲಿ. 20 ವರ್ಷದ ಹುಡುಗಿ, ಪ್ರತಿಭಟನೆಗೆ ಬಂದವಳೇ ಅಲ್ಲ, ಕ್ಲಾಸಿಗೆ ಹೊರಟಿದ್ದಳು. ಸತ್ತ ಇನ್ನೊಬ್ಬ, ವಿಲಿಯಂ ಶ್ರೋಡರ್ ಅಂತೂ ತಾನೇ ಸೇನಾಧಿಕಾರಿಯಾಗಲು ತರಬೇತಿಯಲ್ಲಿದ್ದ ಹುಡುಗ.

"ಆ ಸೈನಿಕರಲ್ಲೂ ಚಿಕ್ಕ ಹುಡುಗರು ಇದ್ದರು ಕಣೇ. ಲಾರಿ ಚಾಲಕರ ಮುಷ್ಕರದ ಡ್ಯೂಟಿ ಮಾಡಿ ಸುಸ್ತಾಗಿ ಬಂದವರು" ಅಂದರು ಇವರು ಕಾರಿನಲ್ಲಿ. ಇರಬಹುದು. ಆದರೆ ಸುಸ್ತಾದವರ ಕೈಗೆ ತುಂಬಿದ ಬಂದೂಕು ಕೊಟ್ಟು ಕಾಲೇಜಿಗೆ ಕಳಿಸಿದವರು ಯಾರು? ಅಧ್ಯಕ್ಷರೇ ನೇಮಿಸಿದ ಆಯೋಗ ಗುಂಡು ಹಾರಿಸಿದ್ದು ಅನಗತ್ಯ, ಅಕ್ಷಮ್ಯ ಅಂತ ಬರೆಯಿತು. ಒಬ್ಬರೂ ಜೈಲಿಗೆ ಹೋಗಲಿಲ್ಲ. 1979ರಲ್ಲಿ ಪರಿಹಾರ ಅಂತ 6,75,000 ಡಾಲರ್, ಜೊತೆಗೆ ಒಂದು ವಿಷಾದದ ಹೇಳಿಕೆ. ಅಷ್ಟೇ. ಎಷ್ಟೋ ಮನೆಗಳಲ್ಲಿ ಎಷ್ಟೋ ಅಣ್ಣಂದಿರು ತಟ್ಟೆ ಬಿಟ್ಟು ಎದ್ದಿರಬೇಕು.

ಮಿಸಿಸಿಪಿಯ ಜಾಕ್ಸನ್ ಸ್ಟೇಟ್ ಕಾಲೇಜಿನಲ್ಲೂ ಅದೇ ತಿಂಗಳು ಪೊಲೀಸರು ಗುಂಡು ಹಾರಿಸಿ ಇಬ್ಬರು ಕರಿಯ ಹುಡುಗರನ್ನು ಕೊಂದರು. ಅವರ ನೆನಪು ಮಾಡುವವರು ಇನ್ನೂ ಕಡಿಮೆ.

ಚಿನ್ನು ದಾರಿಯುದ್ದಕ್ಕೂ ಸುಮ್ಮನಿದ್ದ. ಮನೆಗೆ ಬಂದ ಮೇಲೆ ಕೇಳಿದ, "ಅಮ್ಮ, ನಾನು ಪ್ರತಿಭಟನೆಗೆಲ್ಲ ಹೋಗಬಾರದು ಅಂತೀಯಾ?" ನಾಲಿಗೆ ತುದಿಗೆ ಬಂದದ್ದು ಅದೇ ಮಾತು. ಹೋಗಬೇಡ, ಓದಿಕೊಂಡು ಇರು. ಆದರೆ ಸಾಂಡ್ರಾ ಅಮ್ಮನೂ ಅದನ್ನೇ ಹೇಳಿದ್ದಿದ್ದರೂ ಏನು ಪ್ರಯೋಜನವಾಗುತ್ತಿತ್ತು? ಅವಳು ಓದಲಿಕ್ಕೇ ಅಲ್ವಾ ಹೊರಟಿದ್ದು. ಹೋಗು ಅನ್ನಲಿಕ್ಕೂ ಧೈರ್ಯ ಬರುವುದಿಲ್ಲ. ಅವನಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನಾಳೆ ಅವನೇ ಮತ್ತೆ ಕೇಳುತ್ತಾನೆ, ಕೇಳದಿದ್ದರೂ ನಾನೇ