ಬರಿಕ್ ಪೋಲೆ: ಮಂಗಳೂರಿನಲ್ಲಿ ಒಂದು ದಿನ

2017ರ ಜನವರಿ. ಗೆಳತಿಯ ಮದುವೆಗೆಂದು ನಾನೂ ಅಪ್ಪನೂ ಹಾಸನದಲ್ಲಿ ರಾತ್ರಿ ಬಸ್ಸು ಹತ್ತಿ, ಒಂದು ದಿನ ಮೊದಲೇ ಮಂಗಳೂರಿಗೆ ಬಂದಿಳಿದಿದ್ದೆವು. ಅಪ್ಪ ತಿಪಟೂರು ಕಡೆಯ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದವರು. ಕರಾವಳಿ, ಹಂಚಿನ ಕಾರ್ಖಾನೆ, ಟಿಪ್ಪುವಿನ ಬತ್ತೇರಿ ಎಲ್ಲವನ್ನೂ ವರ್ಷಕ್ಕೊಂದು ಸಲ ಮಕ್ಕಳಿಗೆ ಪಾಠ ಮಾಡಿದ್ದರು. ಒಂದನ್ನೂ ನೋಡಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಮುಖ ತೊಳೆದುಕೊಳ್ಳುತ್ತಲೇ ಅಪ್ಪ ಕರಾರು ಹಾಕಿದರು. "ಬಸ್ಸಿಗೆ, ಊಟಕ್ಕೆ ಬಿಟ್ಟು ಬೇರೆ ಯಾತಕ್ಕೂ ಪರ್ಸು ತೆಗೀಬೇಡ ಕಣಮ್ಮ. ನೋಡೋದಕ್ಕೆ ದುಡ್ಡು ಯಾಕೆ?" ಅದು ಜಿಪುಣತನವಲ್ಲ. ದುಡ್ಡು ಕೊಟ್ಟು ನೋಡಿದ್ದನ್ನು ಮನುಷ್ಯ ಬೇಗ ಮರೆಯುತ್ತಾನೆ ಎಂಬುದು ಅವರ ನಂಬಿಕೆ.

ಇನ್ನೂ ಬೆಳಕು ಹರಿಯುತ್ತಿತ್ತು. ಆ ಹೊತ್ತಿಗೆ ಎಲ್ಲಿ ಬಾಗಿಲು ತೆರೆದಿರುತ್ತದೆ ಎಂದು ಸಿಟಿ ಬಸ್ಸಿನ ಕಂಡಕ್ಟರರನ್ನು ಕೇಳಿದರೆ, "ದಕ್ಕೆಗೆ ಹೋಗಿ" ಅಂದರು. ದಕ್ಕೆ ಅಂದರೆ ಮೀನು ಬೋಟುಗಳು ಬಂದು ನಿಲ್ಲುವ ಜಾಗ. ಸ್ಟೇಟ್‌ಬ್ಯಾಂಕ್ ಸ್ಟಾಪಿನಲ್ಲಿ ಇಳಿದು ಬಂದರಿನ ಹಳೆಯ ಮಂಡಿಗಳ ಬೀದಿಗಳಲ್ಲಿ ನಡೆದೆವು. ಒಣಮೆಣಸಿನಕಾಯಿಯ ಘಾಟು ಮುಗಿಯುವ ಕಡೆ ಮೀನಿನ ವಾಸನೆ ಶುರು.

ನಾನು ನೋಡಿದ ಯಾವ ಊರಿನ ಮುಂಜಾನೆಯೂ ಹಾಗಿರಲಿಲ್ಲ. ಹತ್ತಾರು ದಿನ ಕಡಲಲ್ಲಿದ್ದ ಬೋಟುಗಳು ಒಂದಕ್ಕೊಂದು ಆತು ನಿಂತಿದ್ದವು. ಹೊಟ್ಟೆಯೊಳಗಿಂದ ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಮೇಲೆ ಬರುತ್ತಿತ್ತು. ನೆಲದ ಮೇಲೆ ರಾಶಿ ಸುರಿದ ಕೂಡಲೇ ಸುತ್ತ ಹತ್ತಿಪ್ಪತ್ತು ಜನ, ಏಲಂ ಕೂಗುವವನ ಗಂಟಲು, ಕಣ್ಣಿನಲ್ಲೇ ಸೈ ಅನ್ನುವ ಹೆಂಗಸರು. ಒಂದು ರಾಶಿ ಕೈ ಬದಲಾಗಲು ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ. ಆಮೇಲೆ ಐಸು, ಗಾಡಿ, ಮತ್ತೆ ಖಾಲಿ ನೆಲ. ತುಳು, ಬ್ಯಾರಿ, ಕೊಂಕಣಿ, ತಮಿಳು ಎಲ್ಲ ಒಟ್ಟಿಗೆ ಕೇಳುತ್ತಿತ್ತು. ಮೇಲೆ ಗರುಡಗಳು ಸುತ್ತುತ್ತಿದ್ದವು.

ಅಪ್ಪ ಬಾಯಿ ತೆರೆದುಕೊಂಡು ನಡುದಾರಿಯಲ್ಲೇ ನಿಂತುಬಿಟ್ಟಿದ್ದರು. ಹಿಂದಿನಿಂದ ಬುಟ್ಟಿ ಹೊತ್ತ ಹೆಂಗಸೊಬ್ಬರು, "ಒಂತೆ ಬರಿಕ್ ಪೋಲೆ" ಅಂದರು. ಅಪ್ಪನಿಗೆ ಅರ್ಥವಾಗಲಿಲ್ಲ, ಕದಲಲೂ ಇಲ್ಲ. ಆಕೆ ನಕ್ಕು, "ಸ್ವಲ್ಪ ಬದಿಗೆ ಹೋಗಿ ಮಾರಾಯ್ರೆ" ಎಂದು ಕನ್ನಡದಲ್ಲಿ ಹೇಳಿ ದಾಟಿಹೋದರು. ಅಪ್ಪ ಕಂಬವೊಂದಕ್ಕೆ ಒರಗಿ ನಿಂತು, ಹೊಸ ಪಾಠ ಬಾಯಿಪಾಠ ಮಾಡುವ ಹುಡುಗನ ಹಾಗೆ "ಬರಿಕ್ ಪೋಲೆ, ಬರಿಕ್ ಪೋಲೆ" ಎಂದು ಹೇಳಿಕೊಂಡರು. ಅಲ್ಲಿಂದ ಮುಂದೆ ಎಲ್ಲಿಗೆ ಹೋದರೂ ಅವರು ಮೊದಲು ಹುಡುಕಿದ್ದು, ಕೆಲಸ ಮಾಡುವವರಿಗೆ ಅಡ್ಡವಾಗದ ಒಂದು ಜಾಗ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮಳೆಗಾಲದಲ್ಲಿ ಮಂಗಳೂರಿಗೆ ಹೋಗುವವರು ದಕ್ಕೆಯ ಈ ಗದ್ದಲವನ್ನು ಕಾಣುವುದಿಲ್ಲ. ಹೋಗುವುದಾದರೆ ಬೇರೆ ತಿಂಗಳಲ್ಲಿ, ಬೆಳಗ್ಗೆ, ಜಾರದ ಚಪ್ಪಲಿ ಹಾಕಿಕೊಂಡು ಹೋಗಿ.

ತಿಂಡಿ ಮುಗಿಸಿ ಲೈಟ್‌ಹೌಸ್ ಹಿಲ್ ಹತ್ತಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಬಂದೆವು. ಅವತ್ತು ಯಾರೂ ಟಿಕೆಟ್ ಕೇಳಲಿಲ್ಲ. ಹೊರಗಿನಿಂದ ಸಾದಾ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ ಎಲ್ಲೂ ಬರೀ ಬಣ್ಣ. ಇಟಲಿಯಿಂದ ಬಂದ ಜೆಸ್ಯೂಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಿಂದ ಎರಡು ವರ್ಷಕ್ಕೂ ಹೆಚ್ಚು ಕಾಲ ಬರೆದ ಚಿತ್ರಗಳು ಅವು. ಚಾವಣಿಯಲ್ಲಿ ಅಲೋಶಿಯಸ್ ಗೊನ್ಜಾಗನ ಬದುಕು. ಸಿರಿವಂತರ ಮನೆಯಲ್ಲಿ ಹುಟ್ಟಿ, ರೋಮಿನಲ್ಲಿ ಪ್ಲೇಗು ಬಂದಾಗ ರೋಗಿಗಳ ಸೇವೆಗೆ ನಿಂತು 1591ರಲ್ಲಿ, ಇಪ್ಪತ್ಮೂರರ ವಯಸ್ಸಿಗೆ ತೀರಿಕೊಂಡ ಹುಡುಗ.

ಗೋಡೆಯ ಚಿತ್ರಗಳು ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ, ಬಣ್ಣ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಇದನ್ನು ಅಪ್ಪನಿಗೆ ಹೇಳಿದ್ದೇ ತಡ, ಅವರು ಬೆಂಚಿನ ತುದಿಗೆ ಸರಿದು ಕುಳಿತರು. ಪ್ರತಿ ಬೇಸಿಗೆಯಲ್ಲಿ ಶಾಲೆಯ ಗೋಡೆಗೆ ತಾವೇ ಸುಣ್ಣ ಬಳಿದವರು ಅವರು. ಸುಣ್ಣ ಎಷ್ಟು ಬೇಗ ಎಳೆದುಕೊಳ್ಳುತ್ತದೆ ಎಂದು ಅವರ ಕೈಗೆ ಗೊತ್ತು. "ಒಣಗೋದರೊಳಗೆ ಒಂದು ಮುಖ ಮುಗಿಸಬೇಕಲ್ಲಮ್ಮ. ತಪ್ಪಿದರೆ ಕೆರೆದು ಹಾಕಬೇಕು" ಎಂದು ಪಿಸುಗುಟ್ಟಿದರು. ಪಕ್ಕದಲ್ಲಿ ಇಬ್ಬರು ಪ್ರಾರ್ಥನೆ ಮಾಡುತ್ತಿದ್ದರು. ನಾವು ಗೋಡೆಯ ಬದಿಗೇ ಇದ್ದು, ಒಂದು ಗಂಟೆಗೂ ಮೀರಿ ತಲೆ ಎತ್ತಿಕೊಂಡೇ ಕೂತೆವು. ದುಡ್ಡು ಕೊಟ್ಟು ನೋಡಿದ ಮ್ಯೂಸಿಯಮ್ಮುಗಳಲ್ಲಿ ನಾನೆಂದೂ ಅಷ್ಟು ಹೊತ್ತು ಕೂತವಳಲ್ಲ.

ಕದ್ರಿ ದೇವಸ್ಥಾನಕ್ಕೆ ಬಸ್ಸು ಹಿಡಿಯುವ ಬದಲು ಬಲ್ಮಠದ ಮೇಲೆ ನಡೆದೇ ಹೋದೆವು. ಹೆರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ ಊರಿದು. ಅಪ್ಪ ಇಸವಿಯನ್ನು ನನಗಿಂತ ಮೊದಲೇ ಹೇಳಿ, ರಸ್ತೆ ಬದಿಯಲ್ಲಿ ಒಂದು ಕ್ಷಣ ನಿಂತರು. ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಮೂರು ಮುಖ, ಆರು ಕೈ. ಸಾವಿರ ವರ್ಷ ಕಳೆದರೂ ಮುಖದ ಶಾಂತಿ ಕದಡಿಲ್ಲ. ಗೋಮುಖದಿಂದ ಬೀಳುವ ನೀರಿನಲ್ಲಿ ಕಾಲು ತೊಳೆದು ಊಟಕ್ಕೆ ಇಳಿದೆವು.

ಮಧ್ಯಾಹ್ನ ಸುಲ್ತಾನ್ ಬತ್ತೇರಿ. ಶತ್ರು ಹಡಗುಗಳು ಗುರುಪುರ ಹೊಳೆಯೊಳಗೆ ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲುಗೋಪುರ. ಅಪ್ಪನಿಗೆ ಸ್ವಲ್ಪ ನಿರಾಸೆಯಾಯಿತು. ಪಾಠದಲ್ಲಿ ಅದು ಕೋಟೆಯಷ್ಟು ದೊಡ್ಡದಿತ್ತಂತೆ. ಮೇಲೆ ಹತ್ತಿ ತೋಪಿನ ಕಿಂಡಿಯಲ್ಲಿ ಕಣ್ಣಿಟ್ಟಾಗ ಮಾತ್ರ, "ಓ, ಇಲ್ಲಿಂದ ಪೂರಾ ಹೊಳೆ ಸಿಗುತ್ತೆ" ಎಂದು ಸಮಾಧಾನಪಟ್ಟರು. ಆಚೆ ದಡದ ತಣ್ಣೀರುಬಾವಿಗೆ ದೋಣಿ ಹೋಗುತ್ತಿತ್ತು. ಅದಕ್ಕೆ ದುಡ್ಡು ಕೊಡಬೇಕು. ಹೋಗಿ ಬರುವುದನ್ನು ನೋಡುತ್ತಾ ಕೂತೆವು.

ಮದುವೆ ಮನೆ ಇದ್ದದ್ದು ಸುರತ್ಕಲ್ ಕಡೆ. ಸಂಜೆ ಅಲ್ಲಿನ ಕಡಲು ನೋಡಿದೆವು. ಅಪ್ಪ ಪಂಚೆ ಎತ್ತಿ ಕಟ್ಟಿ ಮೊಣಕಾಲವರೆಗೆ ಇಳಿದರು, ಬಂದರಿಗೆ ಕಾದು ನಿಂತ ಹಡಗುಗಳನ್ನು ಎಣಿಸಿದರು, ಕತ್ತಲಾಗುವವರೆಗೆ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ.

ಊಟಕ್ಕೆ ಕೂತಾಗ ಆ ಮನೆಯ ಅಜ್ಜ, "ಇವತ್ತು ಇಲ್ಲೇ ಹತ್ತಿರ ಕಟೀಲು ಮೇಳದ ಆಟ ಉಂಟು, ದೇವಿ ಮಹಾತ್ಮೆ. ಬರ್ತೀರಾ?" ಎಂದು ಕೇಳಿದರು. ಆಟ ಅಂದರೆ ಯಕ್ಷಗಾನ. ಕಟೀಲು ದೇವಸ್ಥಾನದ ಮೇಳಗಳು ಆಡುವುದು ಹರಕೆಯ ಆಟ. ಹರಕೆ ಹೊತ್ತ ಮನೆಯವರು ಸರದಿಗಾಗಿ ವರ್ಷಗಟ್ಟಲೆ ಕಾಯುತ್ತಾರೆ. ಆಟದ ದಿನ ಬಂದವರಿಗೆಲ್ಲ ಅದು ಮುಕ್ತ. ಕೊಯ್ದ ಗದ್ದೆಯಲ್ಲಿ ರಂಗಸ್ಥಳ, ಮುಂದೆ ಚಾಪೆ, ಹಿಂದೆ ಕುರ್ಚಿ. ಪರಿಚಯವೇ ಇಲ್ಲದ ಹೆಂಗಸೊಬ್ಬರು ಚಾಪೆಯ ತುದಿ ತಟ್ಟಿ, "ಬಲೆ, ಕುಳ್ಳುಲೆ" ಅಂದರು. ಇದಕ್ಕೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಅಜ್ಜ ನಮ್ಮನ್ನು ವೇಷ ಕಟ್ಟುವ ಚೌಕಿಗೂ ಕರೆದೊಯ್ದರು. ಕಲಾವಿದರು ಸಾಲಾಗಿ ನೆಲದ ಮೇಲೆ ಕೂತು, ಕನ್ನಡಿ ಹಿಡಿದು ತಮ್ಮ ಬಣ್ಣ ತಾವೇ ಬರೆದುಕೊಳ್ಳುತ್ತಿದ್ದರು. ರಾಕ್ಷಸ ಪಾತ್ರಗಳ ಬಣ್ಣದ ವೇಷದವರು ಕಡ್ಡಿಯಿಂದ ಕೆನ್ನೆಯ ಮೇಲೆ ಒಂದೊಂದೇ ಬಿಳಿ ಚುಕ್ಕೆ, ಅಂದರೆ ಚುಟ್ಟಿ, ಇಡುತ್ತಿದ್ದರು, ಸಾಲಿನ ಮೇಲೆ ಸಾಲು. ಅದು ಯಾವುದರದ್ದು ಎಂದು ಅಪ್ಪ ಮೆಲ್ಲಗೆ ಕೇಳಿದರು. "ಅಕ್ಕಿ ಹಿಟ್ಟು, ಸುಣ್ಣ" ಅಂದರು ಅಜ್ಜ. ಅಪ್ಪ ನನ್ನ ಕಡೆ ತಿರುಗಿ, "ಇಲ್ಲೂ ಸುಣ್ಣ ನೋಡು" ಎಂದಾಗ ಅವರ ಮುಖ ನೋಡಬೇಕಿತ್ತು.

ಅಪ್ಪ ಚಿಕ್ಕವರಿದ್ದಾಗ ನಮ್ಮ ಕಡೆಯ ಮೂಡಲಪಾಯ ಯಕ್ಷಗಾನ ನೋಡುತ್ತಾ ಬೆಳೆದವರು. ಇಲ್ಲಿನ ತೆಂಕುತಿಟ್ಟು ಶೈಲಿಯ ಚೆಂಡೆ ಅವರಿಗೆ ಹೊಸದು. ಮಧುಕೈಟಭರ ಹೊತ್ತಿಗೆ ತಲೆ ಆಡಿಸತೊಡಗಿದ್ದರು. ನಡುರಾತ್ರಿ ಕಳೆದು ನಾನು ತೂಕಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಗದ್ದೆಯ ಆಚೆ ತುದಿಯಲ್ಲಿ ಬೊಬ್ಬೆ ಎದ್ದಿತು. ಮಹಿಷಾಸುರ ರಂಗದ ಹಿಂದಿನಿಂದ ಬರುವುದಿಲ್ಲ, ಜನರ ನಡುವಿನಿಂದಲೇ ಬರುತ್ತಾನೆ. ಎರಡೂ ಕಡೆ ದೊಂದಿ; ರಾಳ ಎರಚಿದಾಗೆಲ್ಲ ಬೆಂಕಿ ಆಳೆತ್ತರ ಹಾರುತ್ತಿತ್ತು. ಕೋಡು ಅಲ್ಲಾಡಿಸುತ್ತಾ, ಮಣ್ಣು ಕೆದರುತ್ತಾ ನೇರ ನಮ್ಮ ಚಾಪೆಯ ಕಡೆಗೇ ಬರುತ್ತಿದ್ದ.

ಅಪ್ಪ ಎದ್ದು ನಿಂತರು. ನನ್ನ ಚಪ್ಪಲಿ, ಪಕ್ಕದ ಮಗುವಿನ ಹೊದಿಕೆ ಎರಡನ್ನೂ ಎತ್ತಿ ಬದಿಗಿಟ್ಟರು. ದಾರಿಯಲ್ಲೇ ನಿಂತಿದ್ದ ನಾಲ್ಕು ಹುಡುಗರನ್ನು ನೋಡಿ, ತರಗತಿಯ ಕೊನೆಯ ಬೆಂಚಿಗೂ ಕೇಳಿಸುವ ತಮ್ಮ ಮೇಷ್ಟರ ದನಿಯಲ್ಲಿ ಕೂಗಿದರು:

"ಬರಿಕ್ ಪೋಲೆ!"