ಸಮ್ ಬರುವುದಕ್ಕೆ ಮೊದಲೇ

ಪುಣೆಯ ಕೋಥ್ರೂಡಿನ ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಭಾನುವಾರದ ಬೆಳಗುಗಳು ಒಂದೇ ಪ್ರಯೋಗಕ್ಕೆ ಮೀಸಲಾಗಿವೆ. ಹುಬ್ಬಳ್ಳಿಯ ಗೆಳೆಯ ತಬಲಾ ನುಡಿಸುತ್ತಾನೆ. ನಾನು ಪ್ಯೂರ್ ಡೇಟಾ ಎಂಬ ಧ್ವನಿ ತಂತ್ರಾಂಶದಲ್ಲಿ ಬರೆದ ಪ್ರೋಗ್ರಾಂ ಅದನ್ನು ಮೈಕಿನ ಮೂಲಕ ಕೇಳಿಸಿಕೊಂಡು, ಸರಿಯಾಗಿ ತಾಳದ ಪ್ರತಿ ಸುತ್ತಿನ ಮೊದಲ ಪೆಟ್ಟಾದ ಸಮ್‌ಗೆ ತನ್ನ ಸ್ವರವನ್ನು ಹೊರಡಿಸಬೇಕು.

ಮೊದಮೊದಲು ನನ್ನ ಚಿಂತೆಯೆಲ್ಲ ಬಫರಿನದಾಗಿತ್ತು, ಅಂದರೆ ಧ್ವನಿಯ ಮಾದರಿಗಳನ್ನು ಕಂಪ್ಯೂಟರ್ ಒಟ್ಟುಗೂಡಿಸಿಕೊಳ್ಳುವ ತಾತ್ಕಾಲಿಕ ಜಾಗದ್ದು. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 256 ಮಾದರಿಗಳ ಬಫರ್ ತುಂಬಲು 5.8 ಮಿಲಿಸೆಕೆಂಡು ಬೇಕು. ಒಳಬರುವಾಗ ಒಂದು, ಹೊರಹೋಗುವಾಗ ಒಂದು ಎಂದರೆ ಹೆಚ್ಚುಕಡಿಮೆ 12. ಅಷ್ಟರಲ್ಲಿ ಶಬ್ದವು ಗಾಳಿಯಲ್ಲಿ ನಾಲ್ಕು ಮೀಟರು ಸಾಗುತ್ತದೆ, ಅಂದರೆ ಸಾಥಿದಾರನು ತುಸು ದೂರ ಕುಳಿತಂತೆ, ಅಷ್ಟೇ. ಈ ವಿಳಂಬ ಏರಿಳಿಯದೆ ಸ್ಥಿರವಾಗಿದ್ದರೆ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ.

ನಿಜವಾದ ತೊಡಕು ವಿಳಂಬಿತ (ತೀರ ನಿಧಾನ ಲಯದ) ಏಕತಾಲದಲ್ಲಿ ಎದುರಾಯಿತು. ಮಾತ್ರೆಗೆ, ಅಂದರೆ ತಾಳದ ಒಂದು ಎಣಿಕೆಗೆ, 5 ಸೆಕೆಂಡು ಹಿಡಿದರೆ 12 ಮಾತ್ರೆಗಳ ಆವರ್ತನಕ್ಕೆ, ಅಂದರೆ ಒಂದು ಸುತ್ತಿಗೆ, ಪೂರ್ತಿ ಒಂದು ನಿಮಿಷ. ಸಮ್ ಕಿವಿಗೆ ಬಿದ್ದ ಮೇಲೆ ಹೊರಡುವ ಯಂತ್ರ ಎಷ್ಟೇ ಚುರುಕಾಗಿದ್ದರೂ ತಡವಾಗಿಯೇ ಬರುವುದರಿಂದ, ಅದು ಮುಂಚಿತವಾಗಿ ಊಹಿಸಲೇಬೇಕು. ಹಿಂದಿನ ಆವರ್ತನದ ಅಳತೆಯಿಂದ ಊಹಿಸಹೊರಟಾಗ ಲಯದ ಅಂದಾಜು ನೂರಕ್ಕೆ ಒಂದು ಪಾಲು ತಪ್ಪಿದರೂ ನಿಮಿಷದ ಕೊನೆಗೆ 600 ಮಿಲಿಸೆಕೆಂಡುಗಳ ಅಂತರ ಬೀಳುತ್ತದೆ: ನಾನು ನಿದ್ದೆಗೆಟ್ಟು ಇಳಿಸಿದ ಬಫರ್ ವಿಳಂಬದ ಐವತ್ತು ಪಟ್ಟು! “ನಿನ್ನ ಮಷೀನು ಠೇಕಾ ಕೇಳಂಗಿಲ್ಲ, ಗಡಿಯಾರ ನೋಡತೈತಿ” ಎಂದ ಗೆಳೆಯ. ಠೇಕಾ ಎಂದರೆ ಆಯಾ ತಾಳಕ್ಕೆ ಗೊತ್ತಾದ ಬೋಲುಗಳ, ಅಂದರೆ ಹೆಸರುಳ್ಳ ತಬಲಾ ಪೆಟ್ಟುಗಳ, ಸಾಲು.

1984ರಲ್ಲಿ ಕಂಪ್ಯೂಟರ್ ಸಂಗೀತದ ಸಂಶೋಧಕರಾದ ಬ್ಯಾರಿ ವೆರ್ಕೋ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಬೇರೆಬೇರೆಯಾಗಿ ಮಂಡಿಸಿದ ವ್ಯವಸ್ಥೆಗಳಲ್ಲಿ ಕಂಪ್ಯೂಟರ್ ಬರೆದಿಟ್ಟ ಸ್ವರಲಿಪಿಯನ್ನು ಹಿಡಿದು ವಾದಕನನ್ನು ಹಿಂಬಾಲಿಸುತ್ತಿತ್ತು. ಹಿಂದುಸ್ತಾನಿ ಗಾಯನದ ಖಯಾಲಿಗೆ ಅಂಥ ಲಿಪಿಯಿಲ್ಲ, ಆದರೆ ಠೇಕಾ ಇದೆ. ಭೀಮಸೇನ ಜೋಶಿಯವರು 1953ರಲ್ಲಿ ತಮ್ಮ ಗುರುವಿನ ನೆನಪಿಗೆ ಆರಂಭಿಸಿದ ಸವಾಯಿ ಗಂಧರ್ವ ಮಹೋತ್ಸವದಲ್ಲಿ ಸಮ್‌ಗೆ ಮುಂಚೆಯೇ ಕೈಯೆತ್ತಿ ಕಾಯುವ ಶ್ರೋತೃಗಳು ಗಡಿಯಾರ ನೋಡುವುದಿಲ್ಲ. ಠೇಕಾದ ಬೋಲುಗಳನ್ನೂ, ಸಮ್ಮಿನತ್ತ ಕರೆದೊಯ್ಯುವ ಹಾಡಿನ ತುಣುಕಾದ ಮುಖಡಾವನ್ನೂ ಕೇಳುತ್ತಿರುತ್ತಾರೆ. ಹಾಗಾಗಿ ಹತ್ತನೆಯ ಮಾತ್ರೆಯ ‘ತಿರಕಿಟ’ವನ್ನು ಗುರುತಿಸಿ, ಅದು ಮುಗಿದಲ್ಲಿಂದ ಲೆಕ್ಕವನ್ನು ಹೊಸದಾಗಿ ಹಿಡಿಯುವಂತೆ ಪ್ರೋಗ್ರಾಂ ತಿದ್ದಿದೆ. ಉಳಿಯುವುದು ‘ಧೀ ನಾ’ ಎಂಬ ಎರಡೇ ಮಾತ್ರೆ. ಅದೇ ತಪ್ಪು ಈಗ 100 ಮಿಲಿಸೆಕೆಂಡಿಗೆ ಇಳಿಯುತ್ತದೆ, ‘ನಾ’ ಸ್ಪಷ್ಟವಾಗಿ ಕೇಳಿಸಿದರೆ ಅದರಲ್ಲೂ ಅರ್ಧ.

ಗೆಳೆಯನು ಭರಾವಿನ (ಠೇಕಾದ ನಡುವೆ ಹೆಚ್ಚುವರಿ ಪೆಟ್ಟು ತುಂಬುವ) ಹುರುಪಿನಲ್ಲಿ ‘ತಿರಕಿಟ’ವನ್ನೇ ಮುಚ್ಚಿಬಿಟ್ಟರೆ ಯಂತ್ರ ಊಹಿಸಬೇಕೋ ಸುಮ್ಮನಿರಬೇಕೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸದ್ಯಕ್ಕೆ ಸುಮ್ಮನಿರುವಂತೆ ಬರೆದಿದ್ದೇನೆ. ಅವನಿಗೆ ಅದು ಒಪ್ಪಿಗೆಯಿಲ್ಲ.