ಮನೆಯಲ್ಲಿ ತೇಲಿದ ಡಬ್ಬಿ, ಗುಡ್ಡದಲ್ಲಿ ನೆನೆದ ಡಬ್ಬಿ

ಕೊನೆಗೂ ಕಳ್ಳ ಸಿಕ್ಕ. ಕಳೆದ ಅಕ್ಟೋಬರ್‌ನಿಂದ ಬೆಳಗಾವಿ ಬಳಿಯ ಯಳ್ಳೂರ ಗುಡ್ಡದ ನನ್ನ ಕ್ಯಾಶ್‌ನ ಲಾಗ್‌ಬುಕ್ಕನ್ನು ಮತ್ತೆ ಮತ್ತೆ ಒದ್ದೆ ಮಾಡುತ್ತಿದ್ದವನು ಯಾರು ಅಂತ ಗೊತ್ತಾಯಿತು. ಅದಕ್ಕೆ ನಮ್ಮ ಮನೆಯೊಳಗೆ ನೀರು ನುಗ್ಗಬೇಕಾಯಿತು ಅನ್ನೋದೊಂದೇ ಸಂಕಟ.

ಆಟ ಗೊತ್ತಿಲ್ಲದವರಿಗೆ: ಜಿಯೋಕ್ಯಾಶಿಂಗ್ ಅಂದರೆ ಯಾರೋ ಬಚ್ಚಿಟ್ಟ ಡಬ್ಬಿಯನ್ನು (ಅದೇ ಕ್ಯಾಶ್) ಜಿಪಿಎಸ್ ಅಂಕಿ ಹಿಡಿದು ಹುಡುಕಿ, ಒಳಗಿನ ಲಾಗ್‌ಬುಕ್ಕಿನಲ್ಲಿ ಹೆಸರು ಬರೆದು ಬರುವ ಆಟ. ಈಗ ನನ್ನ ಡಬ್ಬಿಯ ಜಾತಕ. ಅಡುಗೆಮನೆಯ ನಾಲ್ಕು ಕ್ಲಿಪ್ಪಿನ ಡಬ್ಬಿ, ಮುಚ್ಚಳದ ಸುತ್ತ ಸಿಲಿಕಾನ್ ರಿಂಗ್. ಗುಡ್ಡದ ಮೇಲಿನ ಕೋಟೆಯ ಗಡಿಯೊಳಗೆ ಇಟ್ಟಿಲ್ಲ, ಗಾಬರಿ ಬೇಡ. ಕೆಳಗೆ ಹೊಲದವರನ್ನು ಕೇಳಿಕೊಂಡು, ಅವರ ಜಂಬಿಟ್ಟಿಗೆ ಕಲ್ಲಿನ ಒಡ್ಡಿನ ಸಂದಿಯಲ್ಲಿ ಇಟ್ಟಿದ್ದು. ಪಡುವಣ ಮುಖ, ಸಂಜೆ ಸೂರ್ಯ ಚೆನ್ನಾಗಿ ಕಾಣುತ್ತಾನೆ. ಯಾರ ಕಣ್ಣಿಗೂ ಬೀಳಬಾರದು ಅಂತ ಕಡು ಹಸಿರು ಪೇಂಟ್ ಬಳಿದಿದ್ದೆ. ಈ ಎರಡು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಹೋಗುವುದು ಇವುಗಳಿಂದಲೇ.

ಮೊದಲ ಸಲ ಲಾಗ್ ಒದ್ದೆ ಅಂತ ಬಂದಾಗ ಜಿಪ್ ಚೀಲದ ಅಂಚು ರಿಂಗಿನಡಿ ಸಿಕ್ಕಿಕೊಂಡಿರಬೇಕು ಅಂದುಕೊಂಡೆ. ನಮ್ಮ ಆಟದಲ್ಲಿ ಅರ್ಧ ಡಬ್ಬಿಗಳು ಸಾಯುವುದು ಹಾಗೇ ಅಲ್ವಾ. ಚಿಕ್ಕ ಚೀಲ ಹಾಕಿದೆ. ಮೇ ತಿಂಗಳಲ್ಲಿ ಮತ್ತೆ ಒದ್ದೆ. ರಿಂಗ್ ಬದಲಾಯಿಸಿ, ಸಿಲಿಕಾನ್ ಗ್ರೀಸ್ ಸವರಿ, ಮೂರು ಪುಡಿಕೆ ಸಿಲಿಕಾ ಜೆಲ್ ಹಾಕಿದೆ. ಜೂನ್ ಮೊದಲ ವಾರ ಮತ್ತೆ ಒದ್ದೆ. ತೇವ ಹೀರಲಿ ಅಂತ ಹಾಕಿದ್ದ ಆ ಸಿಲಿಕಾ ಜೆಲ್ ಪುಡಿಕೆಗಳೂ ತೊಯ್ದು ತೊಪ್ಪೆಯಾಗಿದ್ದವು. ಆಗ ಬಂದವರ ಮೇಲೆ ಅನುಮಾನ ಬಂತು: ನಾಲ್ಕನೇ ಕ್ಲಿಪ್ ಒತ್ತದೇ ಹೋಗುತ್ತಿದ್ದಾರೆ, ಇನ್ನೇನು. ಮುಚ್ಚಳದ ಮೇಲೆ ‘ನಾಲ್ಕೂ ಕ್ಲಿಪ್ ಟಕ್ ಅನ್ನಬೇಕು’ ಅಂತ ಬರೆದು ಅಂಟಿಸಿದೆ. ಎಲ್ಲರಿಗೂ ಕ್ಷಮೆ ಕೇಳುತ್ತೇನೆ. ನಿಮ್ಮ ತಪ್ಪು ಏನೂ ಇರಲಿಲ್ಲ.

ಇನ್ನು ಮನೆಯ ವಿಷಯ. ಜುಲೈ ಕೊನೆಯಲ್ಲಿ ಮೂರು ದಿನ ಬಿಡದೆ ಮಳೆ. ಬೆಳಗಾವಿಯವರಿಗೆ ಇದೇನೂ ಹೊಸದಲ್ಲ. ಬಳ್ಳಾರಿ ನಾಲೆ ತುಂಬಿದರೆ ಯಳ್ಳೂರ ಕಡೆಯ ಬಾಸ್ಮತಿ ಗದ್ದೆಗಳು ಕೆರೆಯಾಗುತ್ತವೆ, ಅದನ್ನು ಪ್ರತಿ ವರ್ಷ ನೋಡಿದ್ದೇವೆ. ನಮ್ಮ ಮನೆಗೆ ಬಂದದ್ದು ಮಾತ್ರ ನಾಲೆ ನೀರಲ್ಲ, ಬಾಗಿಲಿಂದ ಬಂದದ್ದೂ ಅಲ್ಲ. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಒಂದು ಪದರ ಏರುತ್ತದೆ, ಮನೆ ಇದ್ದಲ್ಲೇ ಇರುತ್ತದೆ. ಈಗ ನಮ್ಮ ಬಚ್ಚಲಿಗಿಂತ ಹೊರಗಿನ ಗಟಾರವೇ ಎತ್ತರ. ಗಟಾರ ತುಂಬಿತು, ನೀರು ಪೈಪಿನಲ್ಲಿ ಹಿಂದಕ್ಕೆ ಬಂದು ಬಚ್ಚಲಿನ ನಹಾಣಿ ಟ್ರ್ಯಾಪ್‌ನಿಂದ ಗುಳುಗುಳು ಅಂತ ಮೇಲೆದ್ದಿತು.

ಎಚ್ಚರಿಸಿದವಳು ಕುಂದಾ. ಕುಂದಾ ಅಂದರೆ ನಮ್ಮ ಮುಧೋಳ ನಾಯಿ. ಬಣ್ಣ ಥೇಟ್ ಊರಿನ ಕುಂದಾದ್ದೇ, ಅದಕ್ಕೇ ಆ ಹೆಸರು. ಬೊಗಳಲಿಲ್ಲ. ರಾತ್ರಿ ಎರಡಕ್ಕೆ ಮಂಚದ ಮೇಲೆ ಹತ್ತಿ ನನ್ನ ಹೊಟ್ಟೆಯ ಮೇಲೆ ನಾಲ್ಕೂ ಕಾಲಿಟ್ಟು ನಿಂತಳು. ಟಾರ್ಚ್ ಬಿಟ್ಟರೆ ಪಡಸಾಲೆ ತುಂಬ ನಾಲ್ಕು ಇಂಚು ಕಪ್ಪು ನೀರು. ಒಂದು ಚಪ್ಪಲಿ, ಅವ್ವನ ಮೊರ, ಖಾಲಿ ಎಣ್ಣೆ ಕ್ಯಾನು ಮೆಲ್ಲಗೆ ಅಡುಗೆಮನೆ ಕಡೆ ಹೊರಟಿದ್ದವು. ಅವುಗಳ ಹಿಂದೆ ಕುಂದಾಳ ಬಿಸ್ಕತ್ತಿನ ಡಬ್ಬಿ. ಮುಧೋಳ ಬೇಟೆ ಆಡುವುದು ಮೂಗಿನಿಂದಲ್ಲ, ಕಣ್ಣಿನಿಂದ. ಮಂಚದ ಮೇಲೆ ನಿಂತೇ ಆ ಡಬ್ಬಿ ಹೋದಲ್ಲೆಲ್ಲ ಕತ್ತು ತಿರುಗಿಸುತ್ತಿದ್ದಳು.

ಮೊದಲು ಮೇನ್ ಸ್ವಿಚ್ ತೆಗೆದೆ. ಬೆಳಗಿನ ಜಾವ ನೀರು ಬಂದ ದಾರಿಯಲ್ಲೇ ಇಳಿಯಿತು, ಕೆಸರನ್ನು ನಮಗೆ ಬಿಟ್ಟು. ಪೊರಕೆ, ವೈಪರ್, ಬ್ಲೀಚಿಂಗ್ ಪೌಡರ್ ಕಥೆ ಹೇಳಿ ನಿಮ್ಮನ್ನು ಸತಾಯಿಸಲ್ಲ. ನಾಯಿ ಇರುವವರಿಗೆ ಒಂದೇ ಮಾತು: ಆ ನೀರನ್ನು ನೆಕ್ಕಲು ಬಿಡಬೇಡಿ, ಇಲಿ ಜ್ವರದ ಭಯ. ಬ್ಲೀಚಿಂಗ್ ಪೌಡರ್ ಹಾಕಿದ ನೆಲದ ಮೇಲೆ ಓಡಾಡಿದ್ದರೆ ಪಾದ ತೊಳೆಯಿರಿ.

ಒಂಬತ್ತು ಗಂಟೆಗೆ ಬಿಸ್ಕತ್ತಿನ ಡಬ್ಬಿ ತೆರೆದೆ. ಬಿಸ್ಕತ್ತು ಕಟುಂ ಅಂತು. ಒಂದು ಹನಿ ನೀರಿಲ್ಲ. ನಾಲ್ಕೈದು ಗಂಟೆ ಗಟಾರದ ನೀರಿನಲ್ಲಿ ತೇಲಿದ ಡಬ್ಬಿ ಅದು. ಗುಡ್ಡದ ಮೇಲಿನ ಡಬ್ಬಿಯ ಅವಳಿ, ಎರಡನ್ನೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡಿದ್ದೆ. ಪೇಂಟ್ ಒಂದಿಲ್ಲ ಅಷ್ಟೆ. ನಾನು ಪೊರಕೆ ಹಿಡಿದು ಡಬ್ಬಿಯನ್ನೇ ನೋಡುತ್ತ ನಿಂತುಬಿಟ್ಟೆ. ಅವ್ವ ನೋಡಿ ನೋಡಿ ಹೇಳಿದಳು: “ಮನಿ ತುಂಬ ರಾಡಿ ಐತಿ, ನಿನಗ ಬಿಸ್ಕೀಟ್ ಡಬ್ಬಿದ ಚಿಂತಿ.” ಅವಳ ಲೆಕ್ಕದಲ್ಲಿ ನಾನು ಗುಡ್ಡದಲ್ಲಿ ಇಟ್ಟಿರುವ ‘ಕ್ಯಾಶ್’ ಅಂದರೆ ಇವತ್ತಿಗೂ ದುಡ್ಡು. ಇಷ್ಟು ವರ್ಷ ಆದರೂ ಬಡ್ಡಿ ಬಂದಿಲ್ಲ ಅಂತ ಬೇಸರ.

ನಳದವನಿಗೆ ಫೋನ್ ಮಾಡಿದರೆ “ನಾಳಿ ಮುಂಜಾನೆ ಬರ್ತೇನ್ರಿ” ಅಂದ. ಆ ನಾಳೆ ಬರಲು ಒಂಬತ್ತು ದಿನ ಹಿಡಿಯಿತು. ಮನೆಯಲ್ಲಿ ಕರೆಂಟ್ ಇಲ್ಲ, ನೆಲ ಒಣಗುತ್ತಿಲ್ಲ, ಗೋಡೆಯ ಬುಡದಲ್ಲಿ ಹಸಿ ವಾಸನೆ. ಕುಂದಾ ಒದ್ದೆ ನೆಲದ ಮೇಲೆ ಮಲಗಲಾರೆ ಅಂತ ಮುಷ್ಕರ ಹೂಡಿದ್ದಳು. ಹಾಗಾಗಿ ದಿನಾ ಎರಡು ಹೊತ್ತು ನಡಿಗೆ. ನಾಲ್ಕನೇ ದಿನ ಮಳೆ ಸ್ವಲ್ಪ ಬಿಟ್ಟಾಗ ಗುಡ್ಡಕ್ಕೇ ಹೋದೆವು. ಕ್ಯಾಶ್ ಹುಡುಕುವುದರಲ್ಲಿ ಕುಂದಾಳಿಂದ ಮೂರು ಕಾಸಿನ ಉಪಯೋಗವಿಲ್ಲ. ಒಡ್ಡಿನ ಮುಂದೆ ನಾನು ಮಂಡಿಯೂರಿದರೆ ಅವಳು ದೂರದ ಕೊಕ್ಕರೆಯನ್ನು ನೋಡುತ್ತ ಹಗ್ಗ ಬಿಗಿಯುತ್ತಾಳೆ. ಆದರೆ ನಾಯಿ ಜೊತೆಗಿದ್ದರೆ ಯಾರೂ ‘ಏನ್ ಹುಡುಕಾಕತ್ತೀರಿ’ ಅಂತ ಕೇಳಲ್ಲ. ಮಗಲ್‌ಗಳಿಂದ, ಅಂದರೆ ಈ ಆಟ ಗೊತ್ತಿಲ್ಲದವರಿಂದ, ತಪ್ಪಿಸಿಕೊಳ್ಳಲು ನಾಯಿಗಿಂತ ಒಳ್ಳೆಯ ವೇಷ ಇಲ್ಲ.

ಡಬ್ಬಿ ತೆರೆದೆ. ಒಣಗಿತ್ತು! ಮೂರು ದಿನದ ಜಡಿಮಳೆ, ಲಾಗ್‌ಬುಕ್ ಗರಿಗರಿ. ಅಲ್ಲೇ ಕಲ್ಲಿನ ಮೇಲೆ ಕೂತು ನನ್ನ ಪುಸ್ತಕ ತಿರುವಿದೆ. ಒದ್ದೆಯಾದದ್ದು ಅಕ್ಟೋಬರ್, ಮೇ, ಜೂನ್ ಶುರು. ಮೂರೂ ಬಿಸಿಲು ಸುಟ್ಟು, ಮಧ್ಯಾಹ್ನ ಗುಡುಗಿ, ದಢಾರ್ ಅಂತ ಸುರಿಯುವ ದಿನಗಳು. ಹಗಲೂ ರಾತ್ರಿ ಸುರಿಯುವ ಜುಲೈನಲ್ಲಿ ಒಂದು ಸಲವೂ ಇಲ್ಲ. ಅಂದರೆ ತಪ್ಪು ಮಳೆಯದ್ದಲ್ಲ, ಬಿಸಿಲಿನದು.

ಬಿಸಿಲಿಗೆ ಡಬ್ಬಿಯೊಳಗಿನ ಗಾಳಿ ಕಾದು ಹಿಗ್ಗುತ್ತದೆ. ಗಂಟೆಗಟ್ಟಲೆ ಕಾದರೆ ರಿಂಗಿನ ಸಂದಿಯಿಂದ ಸ್ವಲ್ಪ ಸ್ವಲ್ಪ ಹೊರಗೆ ಜಾರುತ್ತದೆ. ಆಮೇಲೆ ತಣ್ಣನೆ ಮಳೆ ಒಮ್ಮೆಲೇ ಬಿತ್ತು ಅಂದರೆ ಒಳಗಿನ ಗಾಳಿ ಕುಗ್ಗಿ, ಡಬ್ಬಿ ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಚ್ಚಳದ ಸುತ್ತ ಆ ಹೊತ್ತಿಗೆ ಇರುವುದು ನೀರು. ಲೆಕ್ಕ ಹಾಕಿದೆ. ಒಳಗೆ 50 ಡಿಗ್ರಿ ಇದ್ದದ್ದು 24ಕ್ಕೆ ಇಳಿದರೆ, ಕೆಲ್ವಿನ್‌ನಲ್ಲಿ 323ರಿಂದ 297. ಒತ್ತಡ ಶೇ. 8ರಷ್ಟು ಇಳಿಯುತ್ತದೆ, ಅಂದರೆ ಸುಮಾರು 80 ಸೆಂಟಿಮೀಟರ್ ನೀರಿನ ಕಂಬದ ಎಳೆತ. ನಮ್ಮ ಪಡಸಾಲೆಯಲ್ಲಿ ಆ ಅವಳಿ ಡಬ್ಬಿ ಮುಳುಗಿದ್ದು ಎರಡು ಬೆರಳು. ಎರಡು ಬೆರಳು ತಡೆದ ರಿಂಗ್ 80 ಸೆಂಟಿಮೀಟರ್‌ಗೆ ಕೈಚೆಲ್ಲಿತು. ಬಿಸಿಲು ಹೀರಲಿ ಅಂತಲೇ ಎನ್ನುವ ಹಾಗೆ ಕಡು ಬಣ್ಣ ಬಳಿದು ಪಡುವಣಕ್ಕೆ ಇಟ್ಟವನು ಯಾರು? ನಾನೇ.

ಲೆಕ್ಕ ಲೆಕ್ಕವೇ, ಕಣ್ಣಾರೆ ನೋಡಬೇಕಲ್ಲ. ಮೇಲಿನ ಮನೆಯ ವೈನಿಯವರ ಹತ್ತಿರ ಹೇರ್ ಡ್ರೈಯರ್ ಕೇಳಿದೆ. ಅವರ ಬಾಲ್ಕನಿಯಲ್ಲೇ ಬಕೆಟ್ ಇಟ್ಟು, ನೀರಿಗೆ ಎರಡು ಚಮಚ ಕುಂಕುಮ ಕಲಸಿದೆ. ಡಬ್ಬಿಯನ್ನು ಐದು ನಿಮಿಷ ಕಾಯಿಸಿ, ಬಿಸಿ ಇದ್ದಾಗಲೇ ನಾಲ್ಕೂ ಕ್ಲಿಪ್ ಟಕ್ ಅನ್ನಿಸಿದೆ. ವೈನಿ ಬಾಗಿಲಲ್ಲಿ ನಿಂತು “ಡಬ್ಬಿಗೆ ತಲಿ ಒಣಗಸಾಕತ್ತೀರೇನ್ರಿ?” ಅಂದರು. ಬಕೆಟ್ಟಿನಲ್ಲಿ ಅದುಮಿ ಹಿಡಿದೆ. ಹತ್ತು ಸೆಕೆಂಡಿಗೆ ಮುಚ್ಚಳದ ನಡು ಒಳಕ್ಕೆ ಬಾಗಿತು. ತೆಗೆದು ನೋಡಿದರೆ ಒಂದು ಮೂಲೆಯಲ್ಲಿ, ಎರಡು ಕ್ಲಿಪ್‌ಗಳ ನಡುವೆ, ರಿಂಗಿನ ಮೇಲೆ ದಾರದಷ್ಟು ಸಣ್ಣ ಕೆಂಪು ಗೆರೆ. ತಳದಲ್ಲಿ ಒಂದೂವರೆ ಚಮಚ ಕೆಂಪು ನೀರು. ಅದೇ ಡಬ್ಬಿಯನ್ನು ತಣ್ಣಗೆ ಮಾಡಿ ಮುಳುಗಿಸಿದರೆ ಏನೂ ಇಲ್ಲ. ಮತ್ತೆ ಬಿಸಿ ಮಾಡಿದೆ, ಮತ್ತೆ ಕೆಂಪು. ಐದು ಸಲ ಮಾಡಿದೆ. ಅವಶ್ಯಕತೆ ಇರಲಿಲ್ಲ, ಖುಷಿಗೆ. 2000ದ ಮೇ 3ರಂದು ಡೇವ್ ಉಲ್ಮರ್ ಓರೆಗಾನ್‌ನಲ್ಲಿ ಈ ಆಟ ಶುರು ಮಾಡಿದ್ದೂ ಒಂದು ಪ್ಲಾಸ್ಟಿಕ್ ಬಕೆಟ್ಟಿನಿಂದಲೇ ಅಲ್ವಾ.

ಪರಿಹಾರ ತಲೆಕೆಳಗು: ಡಬ್ಬಿಯನ್ನು ಇನ್ನಷ್ಟು ಬಿಗಿ ಮಾಡುವುದಲ್ಲ, ತೂತು ಮಾಡುವುದು. ತಳದಲ್ಲಿ 3 ಮಿ.ಮೀ ತೂತು, ಒಳಗಿಂದ ಸೊಳ್ಳೆ ಪರದೆಯ ತುಂಡು ಅಂಟಿಸಿದ್ದು, ಇಲ್ಲದಿದ್ದರೆ ಕೆಂಪಿರುವೆ ಸಂಸಾರ ಹೂಡುತ್ತದೆ. ಈಗ ಡಬ್ಬಿ ಆರಾಮಾಗಿ ಉಸಿರಾಡುತ್ತದೆ. ಲಾಗ್‌ಬುಕ್ ಇರುವುದು ಅದರೊಳಗಿನ ಪ್ರಿಫಾರ್ಮ್‌ನಲ್ಲಿ, ಊದಿ ಸೋಡಾ ಬಾಟಲಿ ಮಾಡುವ ಮುಂಚಿನ ಆ ದಪ್ಪ ಕೊಳವೆ. ಸುರುಳಿ ಕಾಗದ ತುಂಬಿದರೆ ಒಳಗೆ ಗಾಳಿಯೇ ಕಡಿಮೆ, ಎಳೆದರೂ ಎಷ್ಟು ಎಳೆದೀತು. ಕುಂಕುಮದ ಪರೀಕ್ಷೆಯಲ್ಲಿ ಪಾಸಾಯಿತು.

ಪ್ರಿಫಾರ್ಮ್ ಸಿಗುವುದೇ ಇನ್ನೊಂದು ರಾಮಾಯಣ. ಊರಿನ ಅಂಗಡಿಯವರು ಒಂದು ಚೀಲಕ್ಕಿಂತ ಕಡಿಮೆ ಕೊಡಲ್ಲ ಅಂದರು. ಚೀಲದಲ್ಲಿ ಸಾವಿರದ ಮೇಲಿರುತ್ತವೆ, ಜಿಲ್ಲೆಯ ಪ್ರತಿ ಕಲ್ಲಿನಡಿ ಒಂದೊಂದು ಇಡಬಹುದು. ಆನ್‌ಲೈನ್‌ನಲ್ಲಿ ಇಪ್ಪತ್ತೈದರ ಪ್ಯಾಕ್ ತರಿಸಿದೆ. ಕೊಳವೆಗಳು 28 ಮಿ.ಮೀ ಸೋಡಾ ಬಾಯಿಯವು, ಜೊತೆಗೆ ಕಳಿಸಿದ ಮುಚ್ಚಳಗಳು ನೀರಿನ ಬಾಟಲಿಯವು. ದೂರು ಕೊಟ್ಟರೆ ‘ಎರಡೂ ಮುಚ್ಚಳವೇ ಸರ್’ ಅಂತ ಉತ್ತರ. ಕೊನೆಗೆ ಮದುವೆ ಮನೆಯೊಂದರ ಹಿಂದೆ ಬಿದ್ದಿದ್ದ ತಂಪು ಪಾನೀಯದ ಬಾಟಲಿಗಳಿಂದ ಹನ್ನೆರಡು ಮುಚ್ಚಳ ಆರಿಸಿ ತಂದೆ. ಉದ್ದ ಕತ್ತು, ಗಿಡ್ಡ ಕತ್ತು ಅಂತ ಸೋಡಾದಲ್ಲೂ ಎರಡು ಥರ ಇವೆ, ನೋಡಿ ಆರಿಸಿ. ಹನ್ನೆರಡರಲ್ಲಿ ನನಗೆ ಕೂತದ್ದು ಏಳು.

ಈ ಜಂಜಾಟದಲ್ಲಿ ಇನ್ನೊಂದು ಆಸೆ ಹುಟ್ಟಿದೆ: ಗೋಕಾಕ ಫಾಲ್ಸ್‌ನಲ್ಲಿ ಒಂದು ಅರ್ಥ್‌ಕ್ಯಾಶ್. ಡಬ್ಬಿಯೇ ಇಲ್ಲ, ರಿಂಗಿಲ್ಲ, ಮುಚ್ಚಳವಿಲ್ಲ! ಘಟಪ್ರಭೆ 52 ಮೀಟರ್ ಧುಮುಕುವ ಆ ಕಲ್ಲಿನ ಪದರಗಳನ್ನು ನೋಡಿ ಪ್ರಶ್ನೆಗೆ ಉತ್ತರಿಸಬೇಕು, ಅಷ್ಟೆ. ತೂಗುಸೇತುವೆಯ ಮೇಲೆ ಕುಂದಾ ಕಾಲಿಡುತ್ತಾಳೋ ಇಲ್ಲವೋ, ಅದೇ ಅನುಮಾನ. ಪ್ರಶ್ನೆಗಳ ಕರಡು ಬರೆಯುತ್ತಿದ್ದೇನೆ. ಒಪ್ಪಿಗೆ ಯಾರನ್ನು ಕೇಳಬೇಕು ಅನ್ನುವ ಓಡಾಟ ಮಳೆಗಾಲ ಮುಗಿದ ಮೇಲೆ.

ಸದ್ಯದ ಸ್ಥಿತಿ. ನಳದವನು ಬಂದ, ಬಚ್ಚಲಿನ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿದ. ಮೊದಲು ಉಲ್ಟಾ ಹಾಕಿದ್ದ, ಸ್ನಾನದ ನೀರು ಹೊರಗೇ ಹೋಗಲಿಲ್ಲ. ಬಾಣದ ಗುರುತು ತೋರಿಸಿದ ಮೇಲೆ ತಿರುಗಿಸಿದ. ಗುಡ್ಡದ ಡಬ್ಬಿ ಒಡ್ಡಿನ ಮೂಡಣ ಬದಿಯ ನೆರಳಿಗೆ ಹೋಗಿದೆ. ನಮ್ಮ ಆಟದಲ್ಲಿ ಅಕ್ಷಾಂಶ ಬರೆಯುವುದು ಡಿಗ್ರಿ ಮತ್ತು ಮಿನಿಟುಗಳಲ್ಲಿ, ಮಿನಿಟಿನ ಮೂರನೇ ದಶಾಂಶದಲ್ಲಿ ಒಂದು ಅಂಕಿ ಬದಲಾದರೆ ಸುಮಾರು 1.8 ಮೀಟರ್. ನಾನು ಸರಿದದ್ದು ಆರು ಮೀಟರ್, ಹೊಸ ಅಂಕಿ ಹಾಕಿದ್ದೇನೆ, ಹಳೆಯದನ್ನು ಫೋನಿನಲ್ಲಿ ಉಳಿಸಿಕೊಂಡವರು ಅಳಿಸಿ. ಹಸಿರು ಪೇಂಟ್ ಕೆರೆದು, ಗೋಂದು ಸವರಿ, ಜಂಬಿಟ್ಟಿಗೆ ಪುಡಿ ಉದುರಿಸಿದ್ದೇನೆ. ಎಷ್ಟು ಚೆನ್ನಾಗಿ ಕಲ್ಲಿನಲ್ಲಿ ಬೆರೆತಿದೆ ಅಂದರೆ ಮೊನ್ನೆ ನನಗೇ ಹನ್ನೊಂದು ನಿಮಿಷ ಹಿಡಿಯಿತು. ನಿಜವಾದ ಪರೀಕ್ಷೆ ಅಕ್ಟೋಬರ್ ಬಿಸಿಲಿಗೆ.

ನಿನ್ನೆ ವೈನಿ ಹೇರ್ ಡ್ರೈಯರ್ ವಾಪಸ್ ಕೇಳಿದರು. ಅದರ ಮೂತಿಗೆಲ್ಲ ಕುಂಕುಮ ಅಂಟಿದೆ. ಹತ್ತಿ ಬಟ್ಟೆ, ಸೀಮೆಎಣ್ಣೆ, ಟೂತ್‌ಪೇಸ್ಟ್ ಮೂರೂ ನೋಡಿದೆ, ಹೋಗುತ್ತಿಲ್ಲ. ಯಾರಿಗಾದರೂ ಉಪಾಯ ಗೊತ್ತಿದ್ದರೆ ಬೇಗ ಹೇಳಿ.